ನಲವತ್ತೊಂದು ಬಿಟ್ಟು

ಕಾರಿನ ಕಿಟಕಿಯಿಂದ ಚಾಚಿದ ಅಂಗೈಯಲ್ಲಿ ಹಿತ್ತಾಳೆಯ ಬಿಲ್ಲೆಯೊಂದಿತ್ತು. ಬೆಟ್ಟದ ಕಾಡಿನೊಳಗೆ ಹೋಗುವವರಿಗೆ ಬಿಲ್ಲೆ ಕೊಡುವುದು, ಹೊರಗೆ ಬರುವವರಿಂದ ಇಸಿದುಕೊಳ್ಳುವುದು ಗೇಟಿನವನ ಕೆಲಸ. ಒಳಗೆ ಹೋಗುವ ಮೊದಲೇ ಬಿಲ್ಲೆ ವಾಪಸು ಕೊಡುವವರನ್ನು ಈ ಇಪ್ಪತ್ತಾರು ವರ್ಷದಲ್ಲಿ ಅವನು ಕಂಡಿರಲಿಲ್ಲ. ಮಗುಚಿ ನೋಡಿದ. ನಲವತ್ತೊಂದು.

"ಇದು ನಿಮ್ಮದು," ಅಂದಳು ಸ್ಟಿಯರಿಂಗ್ ಹಿಡಿದು ಕೂತಿದ್ದ ಹೆಂಗಸು. "ಒಂದು ವರ್ಷದಿಂದ ನಮ್ಮನೇಲೇ ಉಳಿದುಬಿಟ್ಟಿತ್ತು. ಆಸ್ಪತ್ರೆಯೋರು ಕೊಟ್ಟ ಬಟ್ಟೆ ಗಂಟು ಹೋದ ವಾರ ಬಿಚ್ಚಿದೆ. ನಮ್ಮ ಯಜಮಾನರ ಕೋಟಿನ ಜೇಬಲ್ಲಿತ್ತು."

ಗೇಟಿನವನಿಗೆ ಗುರುತು ಹತ್ತಿತು. ಹೋದ ವರ್ಷ ಇದೇ ಎಲೆ ಉದುರುವ ಕಾಲದಲ್ಲಿ ಗಂಡನ ಪಕ್ಕ ಕೂತು, ಕಿತ್ತಳೆ ಸುಲಿಯುತ್ತ ಒಳಗೆ ಹೋದವಳು ಇವಳೇ. ಮರುದಿನ ಬೆಳಿಗ್ಗೆ ಆ ಗಂಡನ ಹೆಣದ ಜೊತೆ ಹೊರಗೆ ಬಂದವಳೂ ಇವಳೇ.

"ಆವತ್ತು ರಾತ್ರಿ ನಮ್ಮನ್ನ ಹುಡುಕೋಕೆ ಜೀಪಲ್ಲಿ ಬಂದಿದ್ದೋರು ನೀವೇ ಅಲ್ವಾ? ಆಫೀಸಲ್ಲಿ ಹೇಳಿದ್ರು."

"ಹೌದಮ್ಮ," ಅಂದುಬಿಟ್ಟಿತು ಬಾಯಿ. ವರ್ಷದಿಂದ ಕೇಳಿದವರಿಗೆಲ್ಲ ಹಾಗೇ ಹೇಳಿ ನಾಲಿಗೆ ಪಳಗಿತ್ತು.

"ಹಾಗಾದ್ರೆ ಒಂದು ಉಪಕಾರ ಮಾಡಿ. ಆ ಜಾಗದ ತನಕ ನನ್ನ ಜೊತೆ ಬನ್ನಿ. ನಿಮ್ಮನ್ನ ಒಂದು ಮಾತು ಕೇಳಬೇಕು. ಅಲ್ಲೇ ನಿಂತು ಕೇಳಬೇಕು."

ಕೆಲಸ ಇದೆ ಎಂದು ತಪ್ಪಿಸಿಕೊಳ್ಳಬಹುದಿತ್ತು. ಆದರೆ ಟಿಕೆಟ್ ಕಿಟಕಿಯಲ್ಲಿ ಕೂತವಳಿಗೆ ಎಲ್ಲವೂ ಕೇಳಿಸಿತ್ತು. "ಪಾಪ, ಹೋಗಿ ಬನ್ನಿ ಗಡಿಯಾರ, ನಾನು ನೋಡ್ಕೋತೀನಿ," ಎಂದಳು. ಸಂಜೆ ಆರು ಹೊಡೆಯುತ್ತಲೇ ಗೇಟು ಹಾಕುವವನು, ಎಂಥ ದೊಡ್ಡ ಮನುಷ್ಯ ಬಂದರೂ ಆರೂ ಒಂದಕ್ಕೆ ತೆಗೆಯುವವನಲ್ಲ ಎಂದು ಜನ ಅವನಿಗೆ ಇಟ್ಟ ಹೆಸರು ಅದು. ಒಂದು ಕಾಲಕ್ಕೆ ಆ ಹೆಸರು ಕರೆದರೆ ಮೀಸೆಯಡಿ ನಗುತ್ತಿದ್ದ. ಈಗ ಯಾರೋ ಅಣಕಿಸಿದಂತಾಗುತ್ತದೆ. ಬಿಲ್ಲೆಯನ್ನು ಅಂಗಿಯ ಜೇಬಿಗೆ ಹಾಕಿಕೊಂಡು ಕಾರು ಹತ್ತಿದ.

ಬೆಟ್ಟದ ರಸ್ತೆ ಏರತೊಡಗಿತು. ಹೆಂಗಸು ಎರಡೂ ಕೈಯಲ್ಲಿ ಚಕ್ರವನ್ನು ಗಟ್ಟಿಯಾಗಿ ಹಿಡಿದು, ಮೂಗನ್ನು ಗಾಜಿಗೆ ತಾಗಿಸುವಷ್ಟು ಮುಂದೆ ಬಾಗಿ ಓಡಿಸುತ್ತಿದ್ದಳು. ಹಿಂದೆ ಬಂದ ಕಾರುಗಳೆಲ್ಲ ಒಂದೊಂದಾಗಿ ದಾಟಿ ಮುಂದೆ ಹೋದವು.

"ಇವರು ಹೋದ ಮೇಲೆ ಕಲಿತೆ. ಅರವತ್ತೆರಡಕ್ಕೆ," ಅಂದಳು. "ಅಜ್ಜೀ, ಇದು ಹೊಲಿಗೆ ಮೆಷಿನ್ ಚಕ್ರ ಅಲ್ಲ, ಮೆಲ್ಲಗೆ ಅಂತಿದ್ದ ಕಲಿಸೋನು. ನಲವತ್ತು ವರ್ಷ ಮೆಷಿನ್ ತುಳಿದ ಕಾಲಪ್ಪ ಇದು, ನಿನ್ನ ಬ್ರೇಕ್ ಯಾವ ಮಹಾ ಅಂದೆ."

ಗೇಟಿನವನು ನಗಲು ನೋಡಿದ. ಆಗಲಿಲ್ಲ.

"ಇದನ್ನ ಒಂದು ವರ್ಷ ಮೊದಲೇ ಕಲಿತಿದ್ದಿದ್ರೆ ಅವರನ್ನ ನಾನೇ ಕೆಳಗೆ ಕರಕೊಂಡು ಬರ್ತಿದ್ದೆ. ಆ ಮಾತು ಬಿಡಿ."

ನಾಲ್ಕನೇ ತಿರುವು ದಾಟಿದರೆ ಕಾಡಿನ ಬಣ್ಣವೇ ಬೇರೆ. ಇಳಿಜಾರಿನುದ್ದಕ್ಕೂ ಹಳದಿ, ಅದರ ನಡುವೆ ಅಲ್ಲಲ್ಲಿ ಕಡುಕೆಂಪು, ಕಣಿವೆಯ ಕಡೆ ತುಕ್ಕಿನ ಬಣ್ಣ. ಇದನ್ನು ನೋಡಲೆಂದೇ ವರ್ಷದಲ್ಲಿ ಈ ಮೂರು ವಾರ ಜನ ಮುಗಿಬೀಳುತ್ತಾರೆ. ಗಾಳಿ ಬೀಸಿದಾಗ ಎಲೆಗಳು ಬಂದು ಗಾಜಿಗೆ ಅಂಟುತ್ತಿದ್ದವು, ಅವಳು ವೈಪರ್ ಹಾಕಿ ಒರೆಸುತ್ತಿದ್ದಳು. "ಈ ಬಣ್ಣದ ನೂಲು ಯಾವ ಅಂಗಡೀಲೂ ಸಿಗಲ್ಲ," ಎಂದು ತನ್ನಷ್ಟಕ್ಕೇ ಹೇಳಿಕೊಂಡಳು. ಅವನಿಗೆ ಬಣ್ಣ ನೋಡುವ ಮನಸ್ಸಿರಲಿಲ್ಲ. ಕಣ್ಣ ಮುಂದೆ ಇದ್ದದ್ದು ಗೇಟಿನ ಕೋಣೆಯ ಹಲಗೆ.

ಹಲಗೆಯ ಮೇಲೆ ಅರವತ್ತು ಮೊಳೆ, ಮೊಳೆಗೊಂದು ಬಿಲ್ಲೆ. ಕಾರು ಒಳಗೆ ಹೋದರೆ ಅದರ ಬಿಲ್ಲೆಯೂ ಹೋಗುತ್ತದೆ. ಆರಕ್ಕೆ ಯಾವ ಮೊಳೆಯಾದರೂ ಖಾಲಿ ಇದ್ದರೆ ಒಂದು ಕಾರು ಇನ್ನೂ ಮೇಲಿದೆ ಎಂದರ್ಥ. ಜೀಪು ಹುಡುಕಲು ಹೋಗಬೇಕು. ಸುಲಭದ ಲೆಕ್ಕ, ಎಂಥ ದಡ್ಡನೂ ಮಾಡಬಹುದಾದದ್ದು. ಆದರೆ ಎಂಟು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ನಲವತ್ತೊಂದನ್ನು ಕೊಂಡೊಯ್ದುಬಿಟ್ಟಿದ್ದರು. ಹೊಸದು ಮಾಡಿಸಿ ಎಂದು ಇವನು ಬರೆಯುತ್ತಲೇ ಇದ್ದ, ಸಾಹೇಬರು ಆಗಲಿ ಎನ್ನುತ್ತಲೇ ಇದ್ದರು. ಅಲ್ಲಿಯ ತನಕ ದಿನಾ ಸಂಜೆ ಹಲಗೆಯ ಮುಂದೆ ನಿಂತು, "ನಲವತ್ತೊಂದು ಬಿಟ್ಟು ಎಲ್ಲ ಬಂತು," ಎಂದು ಜೀಪಿನ ಡ್ರೈವರನಿಗೆ ಕೂಗಿ ಹೇಳುತ್ತಿದ್ದ. ಡ್ರೈವರ್ ಬೂಟು ಬಿಚ್ಚುತ್ತಿದ್ದ.

ಹೋದ ವರ್ಷ ಕೊನೆಗೂ ಹೊಸ ಬಿಲ್ಲೆ ಬಂತು. ಬಂದ ಮೂರನೆಯ ದಿನ ಅದನ್ನು ತನ್ನ ಕೈಯಾರೆ ಈ ದಂಪತಿಗೆ ಕೊಟ್ಟ. "ಇದು ನಿಮ್ಮ ಹತ್ರ ಇದ್ರೆ ಭಯ ಇಲ್ಲ, ಹೊತ್ತಾದ್ರೆ ನಾವೇ ಹುಡುಕ್ಕೊಂಡು ಬರ್ತೀವಿ," ಎಂದೂ ಹೇಳಿದ. ಸಂಜೆ ಆರಕ್ಕೆ ಹಲಗೆಯ ಮುಂದೆ ನಿಂತ. ಒಂದು ಮೊಳೆ ಖಾಲಿ ಇತ್ತು. ಕಣ್ಣು ಅದನ್ನು ಕಂಡಿತು, ಏಳು ವರ್ಷದ ಬಾಯಿಪಾಠ ತಾನಾಗಿ ಹೊರಬಂತು. ಗೇಟು ಹಾಕಿ ಮನೆಗೆ ಹೋಗಿ ಉಂಡು ಮಲಗಿದ.

ವಿಚಾರಣೆ ಬಂದಾಗ ಸಾಹೇಬರು ಹಾವೂ ಸಾಯದ ಹಾಗೆ, ಕೋಲೂ ಮುರಿಯದ ಹಾಗೆ ವರದಿ ಬರೆಸಿದರು. ಜೀಪು ಹೋಗಿತ್ತು, ಇವನೂ ಅದರಲ್ಲಿದ್ದ, ಕಾರನ್ನು ರಸ್ತೆ ಬಿಟ್ಟು ಮರಗಳ ಒಳಗೆ ನಿಲ್ಲಿಸಿದ್ದರಿಂದ ಕಾಣಲಿಲ್ಲ. ಇವನು ರುಜು ಹಾಕಿದ. ಡ್ರೈವರನೂ ಹಾಕಿ, ವರ್ಗ ಮಾಡಿಸಿಕೊಂಡು ಬೇರೆ ಕಡೆ ಹೋದ. ನಿವೃತ್ತಿಗೆ ಇನ್ನು ಮೂರೇ ವರ್ಷ ಎಂದು ಹೆಂಡತಿಗೆ ಹೇಳಿದ್ದ. ಅವಳು ಏನೂ ಅಂದಿರಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು ಎಂದು ಆಮೇಲೆ ಎಷ್ಟೋ ಸಲ ಅನ್ನಿಸಿದೆ.

ಹನ್ನೆರಡನೇ ತಿರುವಿನಲ್ಲಿ ಹೆಂಗಸು ಕಾರನ್ನು ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಇಪ್ಪತ್ತು ಹೆಜ್ಜೆ ಒಳಗೆ, ಮರಗಳ ಸಂದಿನಲ್ಲಿ, ಕಣಿವೆಗೆ ಬಾಯಿ ತೆರೆದ ಒಂದು ಬಯಲು.

"ಅವರು ಇಲ್ಲೇ ನಿಲ್ಲಿಸಿದ್ರು. ಈಗ ನಿಲ್ಲಿಸಿದ್ದೀನಲ್ಲ, ಇಲ್ಲೇ. ಒಳಗೆ ತಗೊಳ್ಳಿ, ಅಲ್ಲಿಂದ ಚೆನ್ನಾಗಿ ಕಾಣತ್ತೆ ಅಂದೋಳು ನಾನು." ಅವಳು ಎಂಜಿನ್ ಆರಿಸಿದಳು. "ಆಮೇಲೆ ಅವರಿಗೆ ಎದೆ ನೋವು ಬಂತು. ಇಲ್ಲಿ ಫೋನೂ ಸಿಗಲ್ಲ. ಬಿಲ್ಲೆ ಇದೆಯಲ್ಲ, ಜೀಪ್ ಬಂದೇ ಬರತ್ತೆ, ಸುಮ್ಮನೆ ಒರಗಿಕೊಳ್ಳಿ ಅಂದೆ. ಅವರೂ ನಂಬಿದ್ರು. ಬೆಳಗಿನ ಜಾವದ ತನಕ ಜೀವ ಇತ್ತು."

ಗೇಟಿನವನು ತನ್ನ ಮೊಣಕಾಲುಗಳನ್ನೇ ನೋಡುತ್ತ ಕೂತ.

"ಈಗ ಕೇಳ್ತೀನಿ. ಜೀಪ್ ಎಷ್ಟು ಹೊತ್ತಿಗೆ ಬಂತು?"

"ಯಾಕಮ್ಮ?"

"ರಾತ್ರಿ ಪೂರ್ತಿ ಕಿವಿ ರಸ್ತೆ ಮೇಲೇ ಇಟ್ಟಿದ್ದೆ. ಆದ್ರೂ ಸದ್ದು ಕೇಳಿಲ್ಲ ಅಂದ್ರೆ ಕಣ್ಣು ಹತ್ತಿರಬೇಕು. ಏಳು ಗಂಟೆ ಹೊತ್ತಿಗೆ ಒಂದು ಸಲ ತೂಕಡಿಸಿದ ಹಾಗೆ ನೆನಪು. ಆಗ ನೀವು ಬಂದು ಹೋಗಿರಬೇಕು. ಎದ್ದಿದ್ದಿದ್ರೆ ಓಡಿ ಬಂದು ಅಡ್ಡ ನಿಂತ್ಕೋತಿದ್ದೆ." ಧ್ವನಿ ಏರಲಿಲ್ಲ, ಬಟ್ಟೆಯ ಅಳತೆ ಹೇಳುವವಳ ಹಾಗಿತ್ತು. "ಅಪ್ಪ ಸಾಯ್ತಿರೋವಾಗ ನಿದ್ದೆ ಹೇಗಮ್ಮಾ ಬಂತು ಅಂತ ಮಗಳು ಒಂದೇ ಒಂದು ಸಲ ಕೇಳಿದ್ಲು. ಆಮೇಲೆ ಫೋನೂ ಇಲ್ಲ. ನಂಗೂ ಆವತ್ತಿಂದ ಸರಿಯಾಗಿ ನಿದ್ದೆ ಇಲ್ಲ, ಮಲಗೋಕೇ ಹೆದರಿಕೆ. ಹೊತ್ತು ಹೇಳಿ. ನನ್ನ ತಪ್ಪು ಎಷ್ಟು ಅಂತ ಗೊತ್ತಾಗ್ಲಿ."

ವರದಿಯಲ್ಲಿ ಏಳೂಕಾಲು ಎಂದಿತ್ತು. ಏಳೂಕಾಲು ಅಂದರೆ ಸಾಕು, ಅವಳು ತಲೆಯಾಡಿಸಿ ಕೆಳಗೆ ಕರೆದೊಯ್ದು ಗೇಟಿನಲ್ಲಿ ಇಳಿಸಿ ಹೋಗುತ್ತಾಳೆ. ಹೋಗಿ, ಆ ಏಳೂಕಾಲನ್ನು ಸಾಯುವ ತನಕ ಹೊತ್ತು ತಿರುಗುತ್ತಾಳೆ. ತಾನು ಮಾಡಿದ್ದು ಬರೀ ಮರೆವಲ್ಲ. ತನ್ನ ತಲೆಯ ಮೇಲಿನ ಕಲ್ಲನ್ನು ತೆಗೆದು, ನೋಡದೆ ಹಿಂದಕ್ಕೆ ಎಸೆದದ್ದು. ಅದು ಇವಳ ಮೇಲೆ ಬಿದ್ದಿತ್ತು.

"ಜೀಪ್ ಬರಲಿಲ್ಲಮ್ಮ," ಅಂದ.

ಅವಳು ತಿರುಗಿದಳು.

"ಯಾರೂ ಬರಲಿಲ್ಲ. ಎಲ್ಲ ಬಂತು ಅಂತ ಹೇಳಿ ನಾನು ಗೇಟ್ ಹಾಕಿಬಿಟ್ಟೆ. ಆಮೇಲೆ ಹೋಗಿದ್ವಿ ಅಂತ ಬರೆದದ್ದು ಸುಳ್ಳು." ಒಂದು ಸಲ ಬಾಯಿ ಬಿಟ್ಟ ಮೇಲೆ ಹಲಗೆ, ಖಾಲಿ ಮೊಳೆ, ಏಳು ವರ್ಷದ ಬಾಯಿಪಾಠ ಎಲ್ಲವೂ ಹೊರಬಂದವು. ಹೇಳುತ್ತ ಹೇಳುತ್ತ ಅದು ನೆಪದ ಹಾಗೆ ಕೇಳತೊಡಗಿ ಅರ್ಧಕ್ಕೇ ನಿಲ್ಲಿಸಿದ. "ನಾನು ಮನೇಲಿ ಮಲಗಿದ್ದೆ," ಎಂದಷ್ಟೇ ಮುಗಿಸಿದ.

ಹೊಡೆಯುತ್ತಾಳೆ, ಕಿರುಚುತ್ತಾಳೆ ಎಂದುಕೊಂಡು ಅವನು ಕಾಯುತ್ತಿದ್ದ. ಹೊಡೆದರೆ ಹೊಡೆಯಲಿ ಎಂದೇ ಕಾಯುತ್ತಿದ್ದ.

"ಹಾಗಾದ್ರೆ ನಾನು ನಿದ್ದೆ ಮಾಡಿರ್ಲಿಲ್ಲ," ಅಂದಳು ಕೊನೆಗೆ.

"ಮಾಡಿದ್ರೂ ಏನೂ ವ್ಯತ್ಯಾಸ ಆಗ್ತಿರ್ಲಿಲ್ಲಮ್ಮ."

"ಕಾರನ್ನ ರಸ್ತೆ ಮೇಲೇ ನಿಲ್ಲಿಸಿದ್ರೂ?"

"ಆಗ್ತಿರ್ಲಿಲ್ಲ."

"ಒಂದು ವರ್ಷ," ಅಂದಳು. "ಒಂದು ವರ್ಷ ನೀವು ಇದನ್ನ ಇಟ್ಕೊಂಡು ಕೂತಿದ್ರಾ."

ಕ್ಷಮಿಸಿ ಎಂದು ಕೇಳುವುದಕ್ಕೂ ಅವನಿಗೆ ನಾಚಿಕೆಯಾಯಿತು.

"ಇದನ್ನ ನನ್ನ ಮಗಳ ಮುಂದೆ ಹೇಳ್ತೀರಾ?"

"ಹೇಳ್ತೀನಿ. ಆಫೀಸಿಗೂ ಬರೆದು ಕೊಡ್ತೀನಿ."

"ಆಫೀಸು ನಿಮ್ಮದು, ಏನಾದ್ರೂ ಮಾಡ್ಕೊಳ್ಳಿ. ಮಗಳಿಗೆ ಹೇಳಿ, ನಾಳೇನೇ." ಅವಳು ಮುಂದಕ್ಕೆ ತಿರುಗಿ ಕೂತಳು. "ಈಗ ಇಳೀರಿ. ನಿಮ್ಮ ಮುಖ ನೋಡೋಕಾಗ್ತಿಲ್ಲ ನನಗೆ."

ಅವನು ಇಳಿದು, ಸದ್ದಾಗದಂತೆ ಬಾಗಿಲು ಹಾಕಿ, ಸ್ವಲ್ಪ ದೂರ ಹೋಗಿ ಕಾಲ ಬಳಿ ಎಲೆ ರಾಶಿ ಬಿದ್ದಿದ್ದ ಚರಂಡಿಯ ಕಟ್ಟೆಯ ಮೇಲೆ ಕೂತ. ಗೇಟಿಗೆ ಒಂಬತ್ತು ಕಿಲೋಮೀಟರು. ನಡೆದೇ ಹೋಗಬಹುದಿತ್ತು, ಆದರೆ ಅವಳನ್ನು ಈ ಜಾಗದಲ್ಲಿ ಎರಡನೇ ಸಲ ಬಿಟ್ಟುಹೋಗಲು ಕಾಲು ಏಳಲಿಲ್ಲ. ಅರ್ಧ ಗಂಟೆ ಕಳೆಯಿತು. ಕಾರು ಅಲುಗಲಿಲ್ಲ. ಅಳುತ್ತಿದ್ದಾಳೇನೋ ಎಂದುಕೊಂಡ. ಆಮೇಲೆ, ಅವಳ ಗಂಡನ ನೆನಪಾಯಿತು. ಎದ್ದು ಹತ್ತಿರ ಹೋಗಿ ಬಗ್ಗಿ ನೋಡಿದ.

ಸೀಟನ್ನು ಹಿಂದಕ್ಕೆ ಒರಗಿಸಿ, ಬಾಯಿ ಸ್ವಲ್ಪ ತೆರೆದು, ಅವಳು ಗಾಢವಾಗಿ ನಿದ್ದೆ ಹೋಗಿದ್ದಳು. ಉಸಿರಿಗೆ ಕಿಟಕಿಯ ಗಾಜಿನ ಮೇಲೆ ಮಂಜು ಕಟ್ಟುತ್ತಿತ್ತು, ಕರಗುತ್ತಿತ್ತು.

ಮೇಲಿನ ತಿರುವಿನಿಂದ ಪ್ರವಾಸಿಗರ ಬಸ್ಸೊಂದು ಹಾಡು ಹಾಕಿಕೊಂಡು ಇಳಿದು ಬರುತ್ತಿತ್ತು. ಗೇಟಿನವನು ಓಡಿ ರಸ್ತೆಯ ನಡುವೆ ನಿಂತು ಒಂದು ಕೈ ಎತ್ತಿದ, ಇನ್ನೊಂದು ಕೈಯ ಬೆರಳನ್ನು ತುಟಿಗೆ ಒತ್ತಿ ಹಿಡಿದ. ಡ್ರೈವರ್ ಏನೂ ತಿಳಿಯದೆ ಹಾಡು ನಿಲ್ಲಿಸಿದ. ಬಸ್ಸು ಎಲೆಗಳ ಮೇಲೆ ಮೆಲ್ಲಗೆ ಉರುಳಿ ಅವನನ್ನು ದಾಟಿತು, ಕಿಟಕಿಗಳಲ್ಲಿದ್ದ ಮುಖಗಳೆಲ್ಲ ಅವನತ್ತಲೇ ತಿರುಗಿದ್ದವು.