ಅಡ್ಡಗೆರೆ ಎಳೆದ ಮೈಕು

ಚೆಂಡು ಕಂಬಗಳ ನಡುವೆ ಹಾದುಹೋಯಿತು, ಗೋಲಿನ ಅಂಪೈರು ಎರಡು ಬೆರಳು ಚಾಚಿಯೂ ಆಯಿತು, ಆಟಗಾರರು ಒಬ್ಬರ ಬೆನ್ನನ್ನೊಬ್ಬರು ಗುದ್ದಿಯೂ ಆಯಿತು, ಟೀವಿಯ ಅಡಿಯಲ್ಲಿ ಓಡುವ ಅಕ್ಷರಗಳು ಮಾತ್ರ ಇನ್ನೂ ಒದೆಯುತ್ತಾನಾ, ಒದೆಯುತ್ತಾನಾ ಎಂದು ಕೇಳುತ್ತಿವೆ, ಪಂಕ್ತಿ ಎದ್ದ ಮೇಲೆ ಬರುವ ನೆಂಟರ ಹಾಗೆ, ಎಂದುಕೊಳ್ಳುತ್ತಾಳೆ ಡೆಸ್ಲಿ, ಸೋಫಾದಲ್ಲಿ ಕಾಲು ಮಡಿಸಿ ಕೂತು, ಕಿವಿ ಹೋದ ಹದಿನಾಲ್ಕು ವರ್ಷದಿಂದ ಅವಳಿಗೆ ಕೈಯಲ್ಲೂ ಹಿಡಿದು ಆಡುವ ಈ ಆಸ್ಟ್ರೇಲಿಯಾದ ಫುಟ್‌ಬಾಲ್ ಎಂದರೆ ಈ ತಡವಾದ ಅಕ್ಷರಗಳು, ಮತ್ತೆ ಪಕ್ಕದ ಕುರ್ಚಿಯಲ್ಲಿ ಗಂಡ ಕ್ಲೆಮ್‌ನ ಮುಖ — ಅವನ ತಂಡ ಗೆಲ್ಲುವ ಹಾಗಿದ್ದರೆ ಕೆಳತುಟಿ ಮುಂದೆ ಬರುತ್ತದೆ, ಸೋಲುವ ಹಾಗಿದ್ದರೆ ಕೈಯಲ್ಲಿನ ಚಹಾ ಆರಿಹೋಗುತ್ತದೆ, ಇವತ್ತು ಚಹಾದ ಮೇಲೆ ಕೆನೆ ಕಟ್ಟಿದೆ, ಯಾರು ಗೆದ್ದರೇನು, ಅವಳದು ಯಾವಾಗಲೂ ಅರೆಮನಸ್ಸಿನ ಅಭಿಮಾನ, ಇನ್ನೊಬ್ಬನ ಹೆಗಲ ಮೇಲೆ ಮಂಡಿಯೂರಿ ಆಕಾಶದಿಂದ ಚೆಂಡು ಕಿತ್ತುಕೊಳ್ಳುವವನು ಯಾವನೋ ಆ ನಿಮಿಷಕ್ಕೆ ಅವನೇ ಅವಳ ಹುಡುಗ. ಆದರೆ ಈಗ ಅಕ್ಷರದ ಜೊತೆ ಸದ್ದೂ ಇದೆ, ಏಳು ವಾರವಾಯಿತು, ಬಲಗಿವಿಯ ಹಿಂದೆ ಚರ್ಮದೊಳಗೊಂದು ಯಂತ್ರ, ಹೊರಗೆ ಅಯಸ್ಕಾಂತದಿಂದ ಅಂಟಿಕೊಂಡ ಬಿಲ್ಲೆ, ಟೀವಿಯವರು ಮಾತಾಡಿದರೆ ಡಬ್ಬದಲ್ಲಿ ಚಮಚ ಅಲ್ಲಾಡಿಸಿದ ಹಾಗೆ, ಸ್ಟೇಡಿಯಮ್ಮಿನ ಎಂಬತ್ತು ಸಾವಿರ ಜನ ಒಟ್ಟಿಗೆ ಕೂಗಿದರೆ ಬಾಣಲೆಯಲ್ಲಿ ಈರುಳ್ಳಿ ಹುರಿದ ಹಾಗೆ, ತಾಳ್ಮೆ ಬೇಕು ಡೆಸ್ಲಿ ಅಂದಿದ್ದಳು ಬಲರಾಟ್‌ನ ಆಸ್ಪತ್ರೆಯಲ್ಲಿ ಯಂತ್ರಕ್ಕೆ ಜೀವ ಕೊಟ್ಟ ಫರೀಬಾ, ನಿಮ್ಮ ಮಿದುಳು ಹೊಸ ಭಾಷೆ ಕಲೀತಿದೆ, ಮಗು ಥರ, ದಿನಾ ಕೇಳಿಸಿ ಅದಕ್ಕೆ, ಕೇಳಿಸ್ತಾನೇ ಇರಿ, ಅಂದು ಕ್ಲೆಮ್‌ನ ಕಡೆ ತಿರುಗಿ, ಏನಾದ್ರೂ ಮಾತಾಡಿ ಅಂದಳು, ಕ್ಲೆಮ್ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡು ಗಂಟಲು ಸರಿಮಾಡಿಕೊಂಡು, ಹೇಗಿದ್ದೀಯ ಡೆಸ್ ಅಂದ, ಬಾತುಕೋಳಿ, ನಲವತ್ತು ವರ್ಷ ಜೊತೆಯಲ್ಲಿ ಬಾಳಿದವನ ಬಾಯಿಂದ ತಗಡಿನ ಬಾತುಕೋಳಿ, ಅವಳು ನಕ್ಕಳು, ಕಾರಿನಲ್ಲಿ ಕೂತ ಮೇಲೆ ಅತ್ತಳು, ಅವನು ಕೀಲಿ ತಿರುಗಿಸದೆ ಅವಳಿಗೆ ಬಾಯಿ ಕಾಣುವ ಹಾಗೆ ಪೂರ್ತಿ ತಿರುಗಿ, ಬಿಡು, ನನ್ನ ದನಿ ಮೊದ್ಲೂ ಅಂಥದ್ದೇನಿರ್ಲಿಲ್ಲ ಅಂದಿದ್ದ.

ಅದೇ ಭಯ, ಅದೊಂದೇ ಭಯ, ತೊಡೆಯ ಮೇಲಿನ ಟ್ಯಾಬಿನಲ್ಲಿ ಬೀಟ್‌ರೂಟು ಕೀಳುತ್ತ ಅವಳು ಯೋಚಿಸುತ್ತಾಳೆ, ನಿಜವಾದ ಬೀಟ್‌ರೂಟಲ್ಲ, ಆಟದ್ದು, ಅವಳೂ ಮೊಮ್ಮಗಳು ಬ್ರಯೊನಿಯೂ ಸೇರಿ ನಡೆಸುವ ಹೊಲ, ಹನ್ನೆರಡು ಕುರಿ, ಒಂದು ಕೆರೆ, ಬ್ರಯೊನಿ ಇರುವುದು ಮೂರು ಸಾವಿರ ಕಿಲೋಮೀಟರ್ ಮೇಲೆ ಡಾರ್ವಿನ್‌ನಲ್ಲಿ, ಇಪ್ಪತ್ತೊಂದು ವರ್ಷ, ವಿಮಾನಗಳ ರಿಪೇರಿ ಕಲಿಯುತ್ತಾಳೆ, ಶನಿವಾರ ಮಧ್ಯಾಹ್ನ ಮಾತ್ರ ಇಬ್ಬರೂ ಈ ಹೊಲಕ್ಕೆ ಬರುತ್ತಾರೆ, ಎರಡು ಬೊಂಬೆಗಳು ಬೇಲಿ ಹಾಕುತ್ತವೆ, ಮಾತೆಲ್ಲ ಬರಹದಲ್ಲಿ, ಪರದೆಯ ಮೂಲೆಯಲ್ಲೊಂದು ಮೈಕಿನ ಚಿತ್ರ, ಅದರ ಮೇಲೆ ಕೆಂಪು ಅಡ್ಡಗೆರೆ, ಒತ್ತಿದರೆ ಗೆರೆ ಹೋಗುತ್ತದೆ, ಬ್ರಯೊನಿಯ ದನಿ ಗಾಳಿಗೂ ತಾಗದೆ ಸೀದಾ ತಲೆಯೊಳಗಿನ ಯಂತ್ರಕ್ಕೆ ಬರುತ್ತದೆ, ಮೂರು ವಾರದಿಂದ ಕೇಳುತ್ತಿದ್ದಾಳೆ ಅಜ್ಜಿಯನ್ನು ನ್ಯಾನ್ ಎನ್ನುವ ಹುಡುಗಿ, ನ್ಯಾನ್, ಇವತ್ತು ಮೈಕ್ ಹಾಕೋಣ್ವಾ, ಮೊದಲ ವಾರ ಬ್ಯಾಟರಿ ಇಲ್ಲ ಅಂದಳು, ಎರಡನೇ ವಾರ ತಲೆನೋವು, ಹೋದ ವಾರ ಕ್ಲೆಮ್ ಮಲಗಿದ್ದಾನೆ ಅಂದುಬಿಟ್ಟಳು, ಅದಕ್ಕೆ ಬ್ರಯೊನಿ ಬರೆದಳು, ತಾತ ಮಲಗಿದ್ರೆ ಟ್ರ್ಯಾಕ್ಟರ್ ಬಂದ್ರೂ ಏಳಲ್ಲ, ನಿಂಗೆ ಇಷ್ಟ ಇಲ್ದಿದ್ರೆ ಇಷ್ಟ ಇಲ್ಲ ಅನ್ನು ಸಾಕು, ಆ ಸಾಕು ಎಂಬುದು ಅವಳನ್ನು ಒಂದು ವಾರ ಚುಚ್ಚಿದೆ. ಇಷ್ಟ ಇಲ್ಲದೆ ಏನು, ಆದರೆ ಅವಳ ಹತ್ತಿರ ಒಂದು ದನಿ ಇದೆ, ಕೊನೆಯದು, ಆ ದಿನಗಳಲ್ಲಿ ಅವಳು ಶಾಲೆಯ ಬಸ್ಸು ಓಡಿಸುತ್ತಿದ್ದಳು, ಗೋಧಿ ಹೊಲಗಳ ನಡುವೆ ದಿನಕ್ಕೆ ನೂರ ಹತ್ತು ಕಿಲೋಮೀಟರ್, ಮಕ್ಕಳ ಗಲಾಟೆ ವರ್ಷ ವರ್ಷಕ್ಕೆ ಕಡಿಮೆಯಾಗುತ್ತ ಬಂತು, ಎಷ್ಟು ಒಳ್ಳೆಯ ಮಕ್ಕಳು ಬರುತ್ತಿವೆ ಈಚೆಗೆ ಎಂದು ಅವಳೇ ಹೊಗಳಿಕೊಂಡಿದ್ದಳು, ಪೆದ್ದಿ, ಏಳು ವರ್ಷದ ಬ್ರಯೊನಿ ಅವಳ ಹಿಂದಿನ ಸೀಟಿನಿಂದ ಕುತ್ತಿಗೆಗೆ ಬಾಯಿ ತಾಗಿಸಿ, ನ್ಯಾನ್, ಬಸ್ಸಲ್ಲಿ ಕಪ್ಪೆ ಇದೆ ಕಣೇ, ಯಾರ್ಗೂ ಹೇಳ್ಬೇಡ, ಅಂದದ್ದು, ಒದ್ದೆಯಾದ, ಬಿಸಿಯಾದ, ಸ್ವಲ್ಪ ತೊದಲುವ ದನಿ, ಮುಂದಿನ ಚಳಿಗಾಲಕ್ಕೆ ಮಕ್ಕಳ ದನಿಗಳೆಲ್ಲ ಹೋದವು, ಬಸ್ಸಿನ ಕೀಲಿಯನ್ನೂ ಅವಳೇ ಹೋಗಿ ಒಪ್ಪಿಸಿ ಬಂದಳು, ಆದರೆ ಆ ದನಿಯನ್ನು ಬಿಡಲಿಲ್ಲ, ಬ್ರಯೊನಿಗೆ ಹದಿನೈದಾದ ಮೇಲೂ, ಅವಳ ತುಟಿ ಓದುವಾಗ ಆ ಬಾಯಿಗೆ ಆ ಏಳು ವರ್ಷದ ದನಿಯನ್ನೇ ತೊಡಿಸಿ ನೋಡುತ್ತಿದ್ದಳು, ಹೋದ ತಿಂಗಳು ಕ್ಲೆಮ್‌ನ ಹಳೆಯ ದನಿಯನ್ನು ನೆನಪು ಮಾಡಿಕೊಳ್ಳಲು ಹೋದಳು, ಮದುವೆಗೆ ಮುಂಚೆ ನದಿಯ ಹತ್ತಿರ ಅವನು ಹಾಡಿದ್ದು, ಬಂದದ್ದು ಬಾತುಕೋಳಿ, ಹಳೆಯದರ ಮೇಲೆ ಹೊಸದು ಬಳಿದುಕೊಂಡಿದೆ, ಇದೂ ಹಾಗಾದರೆ — ಕಪ್ಪೆಯೂ ಹೋದರೆ.

ಆಟದ ನಾಲ್ಕು ಪಾಳಿಗಳಲ್ಲಿ ಮೂರನೆಯದು ಮುಗಿದು ಆಟಗಾರರು ಕಿತ್ತಳೆ ಹಣ್ಣಿನ ಹೋಳು ಚೀಪುತ್ತಿದ್ದಾರೆ, ಕ್ಲೆಮ್‌ನ ಮಣಿಕಟ್ಟಿನ ಗಡಿಯಾರ ಅವನಿಗೆ ಎದ್ದು ನಡೆ ಎಂದು ನಡುಗಿರಬೇಕು, ಹೆಂಡತಿ ಹೇಳಿದರೆ ಏಳದವನು ಗಡಿಯಾರ ಹೇಳಿದರೆ ಎದ್ದು ಅಡುಗೆಮನೆಗೆ ಹೋದ, ಮಾಂಸ ತುಂಬಿದ ಪೈ ಬಿಸಿಗಿಟ್ಟ, ಸಾಸ್ ಹುಡುಕುತ್ತಿರಬೇಕು, ಅಷ್ಟರಲ್ಲಿ ಟಿಣ್, ಟಿಣ್, ಟಿಣ್, ಡೆಸ್ಲಿ ಬೆಚ್ಚಿ ತಿರುಗಿದಳು, ಅದೇನದು ಕ್ಲೆಮ್, ಯಾವುದು, ಆ ಟಿಣ್ ಟಿಣ್, ಓ, ಫ್ರಿಜ್ ಬಾಗ್ಲು ತೆಗೆದಿಟ್ರೆ ಹಂಗ್ ಕೂಗುತ್ತೆ, ಎಷ್ಟು ವರ್ಷದಿಂದ, ತಂದಾಗಿಂದ, ಒಂಬತ್ತು ವರ್ಷ ಇರ್ಬೇಕು, ಒಂಬತ್ತು ವರ್ಷದಿಂದ ಅದು ಬಾಯಿ ಬಡ್ಕೊಳ್ತಿದ್ರೂ ಬಾಗ್ಲು ಹಾಕಿಲ್ವಾ ನೀನು, ಅವನು ಸಾಸಿನ ಬಾಟಲಿ ಹಿಡಿದು ನಿಂತ, ನಿಂಗೆ ಅದು ಕೇಳಿಸ್ತಾ ಅಂದ, ತುಟಿಯನ್ನೂ ಓದದೆ, ಅಕ್ಷರವನ್ನೂ ನೋಡದೆ ಅವಳು, ಕೇಳಿಸ್ತು ಅಂದಳು, ಅವನಾಡಿದ್ದೂ ಕೇಳಿಸಿತ್ತು, ಅವನು ಪೂರ್ತಿ ಆ ಕಡೆ ತಿರುಗಿಕೊಂಡು, ಕಪಾಟಿನೊಳಗೆ ತಲೆಯಿಟ್ಟು ಹೇಳಿದ್ದು, ಒಂಬತ್ತು ವರ್ಷ ಇರ್ಬೇಕು ಅಂತ, ಬಾತುಕೋಳಿಯೇ, ಆದರೆ ಕ್ಲೆಮ್ ಎಂಬ ಬಾತುಕೋಳಿ, ಬೇರೆಯವರ ಹಾಗಿಲ್ಲ, ಸೋಮಾರಿತನ ಅದರಲ್ಲಿ ಹಾಗೇ ಇದೆ, ಯಾವಾಗ ಬಂತು ಅದು, ನಿನ್ನೆ ಇತ್ತೇ, ಅವನು ಫ್ರಿಜ್ಜಿನ ಬಾಗಿಲನ್ನು ಹಾಕಿ, ತೆಗೆದು, ಕೂಗುವವರೆಗೆ ಕಾದು, ಮತ್ತೆ ಹಾಕಿದ, ಅವಳು ಕೈಯೆತ್ತಿ ತೋರಿಸಿದಳು, ಕೇಳಿಸ್ತು ಕೇಳಿಸ್ತು, ಸಾಕು ಬಾ ಆಟ ಶುರುವಾಯ್ತು. ಹೆಬ್ಬೆರಳು ಕೆಂಪು ಗೆರೆಯ ಮೇಲಿದೆ, ಯಾವಾಗ ಹೋಗಿ ಅಲ್ಲಿ ಕೂತಿತೋ, ಒತ್ತಬೇಡ ಅನ್ನುವುದು ಕಪ್ಪೆ, ಒತ್ತು ಅನ್ನುವುದು ಫರೀಬಾ, ಸಾಕು ಅಂದದ್ದು ಬ್ರಯೊನಿ, ಒತ್ತಿದಳು.

ನ್ಯಾನ್. ತಗಡು. ರೈಲ್ವೆ ಸ್ಟೇಷನ್ನಿನ ಘೋಷಣೆ, ಬರಡು, ಯಾರದೂ ಅಲ್ಲದ ದನಿ, ನ್ಯಾ — ನ್, ಕೇ — ಳ್ತಿ — ದೆ — ಯಾ, ಹುಡುಗಿ ಒಂದೊಂದೇ ಅಕ್ಷರ ಎಳೆದೆಳೆದು ಕೂಗುತ್ತಿದ್ದಾಳೆ, ಕಪ್ಪೆ ಹೋಯಿತು ಎಂದುಕೊಂಡಳು ಡೆಸ್ಲಿ, ಕೊಟ್ಟುಬಿಟ್ಟೆ ಅದನ್ನು, ಸಿಟ್ಟು ಎಲ್ಲಿಂದಲೋ ಎದ್ದು, ಯಾಕೇ ಹಂಗೆ ಎಳೀತೀಯ, ನಾನು ಕಿವುಡಿ, ಪೆದ್ದಿ ಅಲ್ಲ ಅಂದಳು, ಆ ಕಡೆ ಏನೋ ಒಡೆಯಿತು, ಉಸಿರು ಸಿಕ್ಕಿಕೊಂಡು, ಮೂಗಿನಲ್ಲಿ ಗೊರ್ ಎಂದು, ಮತ್ತೆ ಮೇಲಕ್ಕೇರಿ, ಮತ್ತೆ ಗೊರ್, ನಗು, ಬ್ರಯೊನಿ ನಗುತ್ತಿದ್ದಾಳೆ, ಏಳು ವರ್ಷದವಳು ಹೀಗೆ ನಗುತ್ತಿರಲಿಲ್ಲ, ಇದು ಕ್ಲೆಮ್‌ನ ನಗು, ನದಿಯ ಹತ್ತಿರ ಹಾಡು ತಪ್ಪಿದಾಗ ಅವನು ಥೇಟ್ ಹೀಗೇ ಹಂದಿಯ ಹಾಗೆ ಗೊರ್ ಅಂದಿದ್ದ, ಬೆಳೆದ ಹೆಣ್ಣಿನ ಎದೆಯಿಂದ ಬರುವ ನಗು, ಡೆಸ್ಲಿ ಒಂದು ಸಲವೂ ಕೇಳಿರದ ನಗು, ಇಷ್ಟು ವರ್ಷ ಮಗುವಿನ ದನಿ ತೊಡಿಸಿ ಈ ಹೆಂಗಸನ್ನು ನಾನು ಬಾಗಿಲ ಹೊರಗೇ ನಿಲ್ಲಿಸಿದ್ದೆನಲ್ಲ. ಕಪ್ಪೆ ಇದೆಯೇ ಎಂದು ಹೆದರಿ ಹೆದರಿ ಒಳಗೆ ನೋಡಿಕೊಂಡಳು, ಇದೆ, ಕುತ್ತಿಗೆಯ ಮೇಲೆ ಬಿಸಿಯಾಗಿ ಅದರ ಪಾಡಿಗೆ ಅದಿದೆ, ಇದು ಬೇರೆ, ಇದಕ್ಕೆ ಬೇರೆ ಜಾಗವಿದೆ, ನ್ಯಾನ್, ಯಾಕೆ ಸುಮ್ನಾದೆ, ಮೆಷಿನ್ನು ಕೆಟ್ಟೋಯ್ತಾ, ಇಲ್ಲ ಕಣೇ, ಇನ್ನೊಂದ್ಸಲ ನಗು, ಹಂಗೆಲ್ಲ ಹೇಳಿದ್ರೆ ನಗು ಬರುತ್ತಾ ನ್ಯಾನ್, ಮತ್ತೆ ಹೇಗೆ ಬರುತ್ತೆ, ಬೈಯಿ ಇನ್ನೊಂದ್ಸಲ, ಬರುತ್ತೆ, ಟೀವಿಯಲ್ಲಿ ಯಾರೋ ಗೋಲು ಹೊಡೆದಿದ್ದಾನೆ, ಕ್ಲೆಮ್‌ನ ತುಟಿ ಮುಂದೆ ಬಂದಿದೆ, ಅವನು ಟೀವಿ ನೋಡುತ್ತಿಲ್ಲ, ಅವಳನ್ನು ನೋಡುತ್ತಿದ್ದಾನೆ, ಅಲ್ಲಿ ನೋಡು ನ್ಯಾನ್, ಇಲ್ಲಿದೀನಿ, ಕೆರೆ ಪಕ್ಕ, ಅಂದಿತು ತಗಡು, ಅಂದಳು ಬ್ರಯೊನಿ, ಡೆಸ್ಲಿ ಪರದೆಯನ್ನು ಹತ್ತಿರ ಹಿಡಿದಳು, ಕೆರೆಯ ದಡದಲ್ಲಿ ಹಳದಿ ಮಳೆಯಂಗಿ ತೊಟ್ಟ ಬೊಂಬೆ, ನಿಂತಲ್ಲೇ ಜಿಗಿಯುತ್ತಿದೆ, ಬಾ ಎಂದು ಕರೆಯುವುದಕ್ಕೆ ಆಟದಲ್ಲಿ ಅದೊಂದೇ ದಾರಿ, ಜಿಗಿಯುವುದು, ಈಗ ಬಾಯಲ್ಲೇ ಕರೆಯಬಹುದಲ್ಲ, ಆದರೂ ಜಿಗಿಯುತ್ತಿದೆ, ಹಳದಿ ಅಂಗಿ, ಮೇಲೆ, ಕೆಳಗೆ, ಹಳದಿ ಅಂಗಿ, ಮೇಲೆ —