ಒಂದೇ ಮಂಚ, ಎರಡು ಪಾಳಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಒಪ್ಪಿಕೊಳ್ಳುತ್ತೇನೆ. ಆದರೆ ಮೂರು ಮಹಡಿಯ ಕಚೇರಿಯನ್ನು ದಿನವೂ ಗುಡಿಸಿ ಒರೆಸುವವಳಿಗೆ ಆಸ್ಪತ್ರೆಯ ನರ್ಸು, "ನಿಮ್ಮ ಮನೇಲಿ ಧೂಳಿರ್ಬೇಕು" ಅಂದರೆ ಮೈ ಉರಿಯದೆ ಇರುತ್ತದೆಯೇ?

"ಸಿಸ್ಟರ್, ಊರವರ ಕಸ ತೆಗೆಯೋಳು ನಾನು. ನಮ್ಮನೆ ನೆಲದ ಮೇಲೇ ಊಟ ಬಡಿಸ್ಕೊಂಡು ತಿನ್ಬಹುದು. ಬೇಕಾದ್ರೆ ಬಂದು ನೋಡಿ."

ಅವರು ನಕ್ಕರು. "ನಿಮ್ಮನ್ನ ಬೈತಿಲ್ಲಮ್ಮ. ಮಗೂಗೆ ಯಾವುದು ಆಗಲ್ಲ ಅಂತ ಹುಡುಕಬೇಕು, ಅಷ್ಟೇ. ಇನ್ನೊಂದ್ಸಲ ಹೀಗೆ ಉಸಿರು ಕಟ್ಟಿದ್ರೆ ಡಾಕ್ಟ್ರು ಇಲ್ಲೇ ಮಲಗಿಸ್ಕೊಳ್ತಾರೆ" ಎಂದು, ಮಗುವಿನಿಂದ ದೂರ ಇಡಬೇಕಾದ ವಸ್ತುಗಳ ಪಟ್ಟಿ ಕೊಟ್ಟರು.

ಪಕ್ಕದ ಕುರ್ಚಿಯಲ್ಲಿ ನನ್ನ ಮಗಳು ಬಟಾಣಿ, ಕಾಲು ಇಳಿಬಿಟ್ಟು ಕೂತಿದ್ದಳು. ಏಳು ವರ್ಷ. ಹುಟ್ಟಿದಾಗ ಬಟಾಣಿ ಕಾಳಿನ ಹಾಗೇ ಗುಂಡಗಿದ್ದಳೆಂದು ಅವಳಪ್ಪ ಇಟ್ಟ ಹೆಸರು. ಎರಡು ತಿಂಗಳಿಂದ ಬೆಳಗಾದರೆ ಅವಳ ಎದೆಯಲ್ಲಿ ಸೀಟಿ. ಆ ಸದ್ದು ಕೇಳಿದರೆ ನನಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು.

ಪಟ್ಟಿ ಹಿಡಿದು ಮನೆಗೆ ಬಂದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿದೆ. ಜಮಖಾನ ಸುತ್ತಿ ಹೊರಗೆ ಹಾಕಿದೆ. ಪರದೆ ಇಳಿಸಿದೆ. ಸೆಂಟಿನ ಬಾಟಲಿ, ಸೊಳ್ಳೆ ಬತ್ತಿ, ಕರಡಿ ಗೊಂಬೆ, ಯಾವುದನ್ನೂ ಬಿಡಲಿಲ್ಲ. ಗೋಡೆಯ ಮೂಲೆಯ ಬೂಷ್ಟನ್ನು ಕೆರೆದು ತೆಗೆದೆ. ಕೊನೆಗೆ ಬೆಕ್ಕನ್ನೂ ಕೆಳಗಿನ ಮನೆಯ ಟೈಲರಮ್ಮನ ಮಡಿಲಿಗೆ ಹಾಕಿ ಬಂದೆ. ಬಟಾಣಿ ಅತ್ತಳು. ಅಳಲಿ, ಅಳುವುದಕ್ಕಾದರೂ ಉಸಿರು ಇದೆಯಲ್ಲ ಅಂದುಕೊಂಡೆ.

ಬೆಕ್ಕು ಹೋದ ಮೇಲೆ ಮೂರು ಬೆಳಗು ಸೀಟಿಯೇ ಇಲ್ಲ. ನಾನು ಗೆದ್ದೆನೆಂದು ಬೀಗಿದೆ. ಆ ಮೂರು ದಿನ ನನ್ನ ಗಂಡ ಕೆಲಸ ಮಾಡುವ ಬೇಕರಿಯ ಒಲೆ ಕೆಟ್ಟು ಅವರೂ ಮನೆಯಲ್ಲೇ ಇದ್ದರು, ರಾತ್ರಿ ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದರು. ಅದನ್ನು ನಾನು ಲೆಕ್ಕಕ್ಕೇ ಹಿಡಿಯಲಿಲ್ಲ. ಒಲೆ ರಿಪೇರಿಯಾಯಿತು, ಅವರು ಕೆಲಸಕ್ಕೆ ಹೋದರು, ಎರಡು ದಿನ ಕಳೆದು ಬೆಳಿಗ್ಗೆ ನೋಡಿದರೆ ಬಟಾಣಿ ಮಂಚದ ಮೇಲೆ ಎದ್ದು ಕೂತು ಭುಜ ಮೇಲೆತ್ತಿ ಉಸಿರೆಳೆಯುತ್ತಿದ್ದಳು. ಪಾಪದ ಬೆಕ್ಕನ್ನು ಸುಮ್ಮಸುಮ್ಮನೆ ಹೊರಗೆ ಹಾಕಿದ್ದೆ.

ನಮ್ಮ ಸಂಸಾರದ ಗಡಿಯಾರವೇ ಹಾಗೆ. ನನ್ನವರು ಬೇಕರಿಯಲ್ಲಿ ಹಿಟ್ಟು ನಾದುವವರು. ಜೊತೆಯವನು ಬಿಟ್ಟುಹೋದಾಗಿನಿಂದ, ಅಂದರೆ ಎರಡು ತಿಂಗಳಿಂದ, ಎರಡು ಪಾಳಿಯೂ ಇವರದೇ. ಮಧ್ಯಾಹ್ನ ಎರಡಕ್ಕೆ ಮನೆ ಬಿಟ್ಟರೆ ಮರಳುವುದು ಮರುದಿನ ಬೆಳಿಗ್ಗೆ ಏಳೂವರೆಗೆ. ಅಷ್ಟು ಹೊತ್ತಿಗೆ ನಾನು ಬಟಾಣಿಯನ್ನು ಶಾಲೆಗೆ ಬಿಟ್ಟು ಕಚೇರಿಗೆ ಹೋಗಲು ಮೆಟ್ಟಿಲಿಳಿಯುತ್ತಿರುತ್ತೇನೆ. ಅಪ್ಪ ಮಗಳು ಮೆಟ್ಟಿಲ ಮೇಲೆ ಸಿಕ್ಕಿದಷ್ಟೇ ಭಾಗ್ಯ. ನನ್ನ ಮಂಚ ಬೀದಿ ಕಡೆಯ ಕಿಟಕಿಗೆ ಅಂಟಿಕೊಂಡಿದೆ. ಹಗಲು ಅಲ್ಲಿ ಬಿಸಿಲು, ಹಾರ್ನು. ಹಾಗಾಗಿ ಅವರು ಒಳಕೋಣೆಯಲ್ಲಿ ಮಗಳ ಮಂಚದ ಮೇಲೆ ಮಲಗುತ್ತಾರೆ.

ಸೀಟಿ ಮತ್ತೆ ಶುರುವಾದ ಮೇಲೆ ನನಗೆ ಹುಚ್ಚೇ ಹಿಡಿಯಿತು. ದಿನಕ್ಕೆರಡು ಸಲ ನೆಲ ಒರೆಸಿದೆ. ದಿನಾ ಬೆಳಿಗ್ಗೆ ಮಗಳ ಹಾಸಿಗೆಯ ಹೊದಿಕೆ, ದಿಂಬಿನ ಚೀಲ ಎಲ್ಲ ಬದಲಾಯಿಸಿ ತೊಳೆದದ್ದನ್ನು ಹಾಸಿಟ್ಟೇ ಹೊರಡುತ್ತಿದ್ದೆ. ರಾತ್ರಿಯಿಡೀ ದುಡಿದು ಬರುವ ಗಂಡನಿಗೂ ಮಡಿಯಾದ ಹಾಸಿಗೆ ಸಿಗಲಿ ಎಂದು.

ಒಂದು ದಿನ ಕಚೇರಿಯಲ್ಲಿ ನೀರು ನಿಂತಿತು. ನೀರಿಲ್ಲದೆ ನಾನೇನು ಒರೆಸಲಿ? ಹನ್ನೊಂದಕ್ಕೇ ಮನೆಗೆ ಬಂದೆ. ಅವರು ದಿಂಬಿಗೆ ಮುಖ ಒತ್ತಿ ಗೊರಕೆ ಹೊಡೆಯುತ್ತಿದ್ದರು. ಬೆಳಿಗ್ಗೆ ಹಾಸಿದ ಕಡುನೀಲಿ ಹೊದಿಕೆ. ಅದರ ಮೇಲೆ ತಲೆಯ ಸುತ್ತ ಬೆಳ್ಳಗೆ ಏನೋ. ಬೆರಳಿಗೆ ಹಚ್ಚಿ ಉಜ್ಜಿದೆ. ಕಾಗದದ ಧೂಳು ಒರಟು, ಸುಣ್ಣದ ಧೂಳು ಬೆರಳನ್ನು ಒಣಗಿಸುತ್ತದೆ. ಇಪ್ಪತ್ತು ವರ್ಷ ಧೂಳಿನ ಜೊತೆಗೇ ಬಾಳಿದವಳು ನಾನು. ಇದು ಹಿಟ್ಟು.

"ಏಳ್ರೀ! ಏಳ್ರೀ ಮೇಲೆ!"

"ಏನೇ, ಮನೆಗೆ ಬೆಂಕಿ ಬಿತ್ತಾ?" ಎಂದು ಗಾಬರಿಯಲ್ಲಿ ಕೂತರು.

"ಸ್ನಾನ ಮಾಡ್ದೆ ಮಲಗ್ತೀರಾ ನೀವು?"

"ಕೈಕಾಲು ತೊಳ್ಕೊಂಡಿದೀನಲ್ಲೇ. ಅಂಗೀನೂ ಬದಲಾಯ್ಸಿದೀನಿ."

"ತಲೆ?"

ಅವರು ಕೂದಲೊಳಗೆ ಕೈಯಾಡಿಸಿದರು. ಅಂಗೈ ನೋಡಿಕೊಂಡರು. ಹೊದಿಕೆ ನೋಡಿದರು. ಆಮೇಲೆ ನನ್ನನ್ನು.

"ನನ್ನಿಂದಾನಾ?" ಎಂದರು.

ಬೈಯಲು ನನಗೆ ಮುಖವೆಲ್ಲಿ? ತೊಳೆದ ಹಾಸಿಗೆಯನ್ನು ದಿನಾ ಅವರಿಗೆ ಹಾಸಿಕೊಟ್ಟು, ಅವರು ಎದ್ದುಹೋದ ಹಾಸಿಗೆಯಲ್ಲಿ ಮಗಳನ್ನು ಮಲಗಿಸುತ್ತಿದ್ದವಳು ನಾನೇ. ಸಂಜೆ ಒಂದು ಸಲ ಬದಲಾಯಿಸಿದ್ದರೆ ಸಾಕಿತ್ತು. ಇಷ್ಟು ದೊಡ್ಡ ಕ್ಲೀನರಮ್ಮನ ತಲೆಗೆ ಇಷ್ಟು ಹೊಳೆಯಲಿಲ್ಲವಲ್ಲ!

ಡಾಕ್ಟರು ಪರೀಕ್ಷೆ ಮಾಡಿ ಅದೇ ಹೇಳಿದರು. ಬ್ರೆಡ್ಡು ತಿಂದರೆ ಏನೂ ಆಗದು, ಹಸಿ ಹಿಟ್ಟು ಉಸಿರಲ್ಲಿ ಹೋದರೆ ಆಗದು. ಅಂದಿನಿಂದ ನನ್ನವರು ಬೇಕರಿಯಲ್ಲೇ ತಲೆಸ್ನಾನ ಮಾಡಿ, ಕೆಲಸದ ಬಟ್ಟೆಯನ್ನು ಚೀಲದಲ್ಲಿ ಗಂಟು ಕಟ್ಟಿ ತರತೊಡಗಿದರು. ಹಾರ್ನು ಹೊಡೆದುಕೊಳ್ಳಲಿ ಎಂದು ನನ್ನ ಮಂಚದ ಮೇಲೇ ಮಲಗಿದರು. ಆರು ಬೆಳಗು ಮಗಳ ಎದೆ ಹಗುರವಾಗಿತ್ತು.

ಏಳನೆಯ ಬೆಳಿಗ್ಗೆ ಅವಳ ತುಟಿ ಕಪ್ಪಿಟ್ಟಿತ್ತು.

ಡಾಕ್ಟರು ಕೊಟ್ಟಿದ್ದ ಉಸಿರಿನ ಪಂಪನ್ನು ಅವಳ ಬಾಯಿಗಿಟ್ಟೆ. ಒಂದು, ಎರಡು, ಮೂರು ಸಲ ಒತ್ತಿದೆ. ಅಷ್ಟರಲ್ಲಿ ಕೆಲಸದಿಂದ ಬಂದ ನನ್ನವರು ಬಾಗಿಲಲ್ಲೇ ಚೀಲ ಬಿಸಾಕಿ ಓಡಿಬಂದು ಮಗಳ ಬೆನ್ನನ್ನು ಎದೆಗೆ ಆನಿಸಿ ಕೂರಿಸಿಕೊಂಡರು. ನಿಧಾನವಾಗಿ ತುಟಿಗೆ ಬಣ್ಣ ಬಂತು. ಕೆಳಗಿನ ಟೈಲರಮ್ಮನಿಗೆ ಆಟೋ ಕರೆಯಲು ಕೂಗಿ ಹೇಳಿ ನಾನು ಹಾಸಿಗೆಯನ್ನು ಕಿತ್ತು ಜಾಲಾಡಿದೆ. ದಿಂಬಿನ ಚೀಲದೊಳಗಿಂದ ಅವರ ಕೆಲಸದ ಟೋಪಿ ಉದುರಿತು, ಜೊತೆಗೆ ಹಿಟ್ಟು.

"ಇದನ್ನ ಯಾರೇ ಇಲ್ಲಿಟ್ಟಿದ್ದು?" ಎಂದು ಚೀರಿದೆ.

"ನಾನೇ. ಅಪ್ಪನ ಚೀಲದಿಂದ ತಗೊಂಡೆ." ಅವಳ ದನಿ ಇನ್ನೂ ತುಂಡು ತುಂಡಾಗಿತ್ತು. "ನೀನು ಎಲ್ಲಾ ತೊಳೆದುಬಿಟ್ಟೆ. ಅಪ್ಪನ ವಾಸನೇನೇ ಇರ್ಲಿಲ್ಲ. ನಿದ್ದೆ ಬರ್ಲಿಲ್ಲ."

ಎತ್ತಿದ ಕೈ ಇಳಿಸಿದೆ. ದಿನಾ ರಾತ್ರಿ ಅವಳು ಆ ದಿಂಬನ್ನು ಅಷ್ಟು ಗಟ್ಟಿಯಾಗಿ ತಬ್ಬಿಕೊಳ್ಳುತ್ತಿದ್ದುದು ಏಕೆಂದು ನಾನು ಒಮ್ಮೆಯೂ ಕೇಳಿರಲಿಲ್ಲ.

ಅವರು ತಲೆ ಬಗ್ಗಿಸಿ ಅವಳ ಮೂಗಿನ ಹತ್ತಿರ ತಂದರು. "ಮೂಸು ಕಂದಾ. ಅಪ್ಪ ಇಲ್ಲೇ ಇದೀನಲ್ಲ."

ಬಟಾಣಿ ಮೂಸಿದಳು. ಮುಖ ಗಂಟಿಕ್ಕಿದಳು. "ಇದು ಸೋಪು. ಅಪ್ಪ ಅಲ್ಲ."

"ಇನ್ಮೇಲೆ ಅಪ್ಪ ಹೀಗೇ ಇರ್ತಾನೆ."

ಅವಳು ಇನ್ನೊಮ್ಮೆ ಮೂಸಿ ಯೋಚಿಸಿದಳು. "ಹಾಗಾದ್ರೆ ರಾತ್ರಿನೂ ಇರು. ಅಭ್ಯಾಸ ಮಾಡ್ಕೊಳ್ತೀನಿ."

ಅವರು ನನ್ನ ಮುಖ ನೋಡಿದರು. ಬೇರೆ ದಿನವಾಗಿದ್ದರೆ ಇಪ್ಪತ್ತು ಮಾತಾಡುತ್ತಿದ್ದೆ. ಅವರ ಜೇಬಿನಿಂದ ಫೋನು ತೆಗೆದು, ಬೇಕರಿ ಮಾಲೀಕರ ನಂಬರು ಒತ್ತಿ ಗಂಡನ ಕಿವಿಗೆ ಹಿಡಿದೆ.

"ಸಾರ್," ಎಂದರು ಅವರು, ಮಗಳನ್ನು ಹೆಗಲಿಗೆ ಹಾಕಿಕೊಂಡು ಆಟೋಗೆಂದು ಮೆಟ್ಟಿಲಿಳಿಯುತ್ತಾ. "ಇನ್ನೊಬ್ಬರನ್ನ ಹುಡುಕಿ. ರಾತ್ರಿ ಪಾಳಿ ನನ್ನ ಕೈಲಾಗಲ್ಲ."