ಏರಿಗೆ ಒಂದನೇ ಗೇರು

ಗುಡ್ಡ ಹತ್ತಿ ಇಳಿದು ಗೋದಾಮಿಗೆ ಬಂದರೆ ಲಾರಿ ಮಾವನಿಗೆ ಮಾತೇ ಹೊರಡುತ್ತಿರಲಿಲ್ಲ. ಗೋಡೆ ಹಿಡಿದು ನಿಂತು, ಅಂಗಿ ಬಿಚ್ಚಿ ಬೆವರು ಹಿಂಡುತ್ತಿದ್ದರು. ನಮ್ಮದೂ ಅದೇ ಕೆಲಸ. ಹಿಟ್ಟಿನ ಚೀಲ, ಎಣ್ಣೆ, ನೀರಿನ ಕ್ಯಾನು ಹೇರಿಕೊಂಡು ಗುಡ್ಡದ ಮೇಲಿನ ಮನೆಗಳಿಗೆ ಮುಟ್ಟಿಸುವುದು. ಗಾಡಿಯೂ ಅದೇ, ಕಂಪನಿ ಕೊಟ್ಟ ಕರೆಂಟ್ ಸೈಕಲ್ಲು. ನಾವು ತುಳಿದರೆ ಮೋಟರೂ ಜೊತೆಗೆ ತಳ್ಳುತ್ತದೆ. ಆದರೂ ನಮಗಿಲ್ಲದ ಏದುಸಿರು ಮಾವನಿಗೆ ಮಾತ್ರ.

"ವಯಸ್ಸಾಯ್ತು ಮಾವ, ಮನೇಲಿ ಕೂತ್ಕೊಳ್ಳಿ," ಅಂದರೆ ನಗುತ್ತಿದ್ದರು.

"ಕೂತ್ರೆ ನಿಮ್ಮತ್ತೆ ಒಲೆ ಮೇಲೆ ಏನಿಡ್ತಾಳೋ, ನನ್ನ ತಲೆನಾ?"

ಲಾರಿ ಓಡಿಸಿಯೇ ಕೂದಲು ನರೆತವರು. ಮಾಲೀಕ ಲಾರಿ ಮಾರಿದ ಮೇಲೆ ಈ ಸೈಕಲ್ಲಿಗೆ ಬಂದಿದ್ದರು. ಅವರ ಹೆಂಡತಿ ನಮಗೆಲ್ಲ ಅತ್ತೆ.

ಸೂಪರ್‌ವೈಸರ್ ಮಾತ್ರ ಮಾವನನ್ನು ತಲೆ ಮೇಲೆ ಹೊತ್ತು ಮೆರೆಸುತ್ತಿದ್ದ. ಯಾವ ಗಾಡಿ ಎಷ್ಟು ಕರೆಂಟು ತಿಂತು ಎಂಬುದೆಲ್ಲ ಅವನ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. "ಯಜಮಾನ್ರನ್ನ ನೋಡಿ ಕಲೀರಿ. ಸಂಜೆಯಾದ್ರೂ ಬ್ಯಾಟ್ರಿ ಮುಗಿದಿರಲ್ಲ. ನೀವು ಮಧ್ಯಾಹ್ನಕ್ಕೇ ಚಾರ್ಜು ಚಾರ್ಜು ಅಂತ ಬರ್ತೀರಿ!" ಮಾವ ಹಿಗ್ಗಿ ಹೀರೇಕಾಯಿಯಾಗುತ್ತಿದ್ದರು.

ಮೊನ್ನೆ ಬೆಳಿಗ್ಗೆ ನೀರಿನ ಟ್ಯಾಂಕಿನ ಏರಿನಲ್ಲಿ ಮಾವ ಎದೆ ಹಿಡಿದುಕೊಂಡು ಕುಸಿದರು. ನಾನು ಹಿಂದೆಯೇ ಇದ್ದೆ. ಓಡಿಹೋಗಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ.

"ಫಸ್ಟ್ ಗೇರಲ್ಲೇ ಇದ್ದೆ ಕಣೋ... ಆದ್ರೂ ಎಳೀಲಿಲ್ಲ."

ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವರ ಗಾಡಿ ತರಲು ಹೋದೆ. ಹ್ಯಾಂಡಲ್ಲಿನ ಪುಟ್ಟ ಪರದೆಯಲ್ಲಿ 'ಒಂದು' ಎಂದಿತ್ತು. ಅಯ್ಯೋ ದೇವರೇ! ಒಂದಕ್ಕಿಟ್ಟರೆ ಮೋಟರು ತಳ್ಳುವುದೇ ಇಲ್ಲ ಅನ್ನಿ. ಐದಕ್ಕಿಟ್ಟರೆ ಪೂರ್ತಿ ಬಲ. ಏರು ಬಂದರೆ ನಾವೆಲ್ಲ ಐದಕ್ಕಿಡುತ್ತೇವೆ. ಮಾವ ಲಾರಿಯವರು. ಏರಿಗೆ ಒಂದನೇ ಗೇರು, ಸಪಾಟಿಗೆ ಮೇಲಿನ ಗೇರು, ಅವರ ಕೈ ಕಲಿತದ್ದು ಅದು. ಗಾಡಿ ಕೊಟ್ಟ ದಿನ ಸೂಪರ್‌ವೈಸರ್ ಮಾಡಿದ ಪಾಠವೂ ಅಷ್ಟೇ: "ಇದು ಗೇರಿದ್ದ ಹಾಗೆ, ನೋಡ್ಕೊಂಡು ಹಾಕ್ಕೊಳ್ಳಿ." ನಾವೂ ಗೇರು ಎಂದೇ ಕರೆಯುತ್ತಿದ್ದೆವು. ಹಾಳು ಮಾತು! ಅಷ್ಟು ಭಾರ ಹೇರಿಕೊಂಡು ಮಾವ ದಿನವೂ ಆ ಗುಡ್ಡವನ್ನು ಬರೀ ಕಾಲಿನಲ್ಲೇ ತುಳಿದಿದ್ದರು.

ಮರುದಿನ ಅತ್ತೆಯನ್ನು ಕರೆದುಕೊಂಡು ಎಲ್ಲರೂ ಗೋದಾಮಿಗೆ ಹೋದೆವು. ಕಂಪನಿಯವರು ತಪ್ಪಾಯಿತು ಅನ್ನಲಿ, ಆಕೆಯ ಬದುಕಿಗೊಂದು ದಾರಿ ಮಾಡಲಿ ಎಂದು ಕೇಳಲು.

"ಗಾಡೀಲಿ ಏನೂ ದೋಷ ಇಲ್ಲಮ್ಮ," ಅಂದ ಸೂಪರ್‌ವೈಸರ್. "ಅವರೇ ಒಂದಕ್ಕೆ ಇಟ್ಕೊಂಡಿದ್ರು. ದಿನಾ ಕಂಪ್ಯೂಟರಲ್ಲಿ ನೋಡ್ತಿದ್ನಲ್ಲ."

ಬಾಯಿ ತಪ್ಪಿ ಬಂದ ಮಾತು. ಅವನ ಮುಖ ಬಿಳಿಚಿಕೊಂಡಿತು.

"ದಿನಾ ನೋಡ್ತಿದ್ರಾ ಸ್ವಾಮಿ?" ಅತ್ತೆ ಕೇಳಿದರು. "ನೋಡಿಯೂ ಹೇಳ್ಲಿಲ್ವಾ?"

"ಅವರಾಗೇ ಬಂದು ಕೇಳ್ಲಿಲ್ಲ. ಮೇಲಿನವರು ನನಗೂ ಬ್ಯಾಟ್ರಿ ಉಳಿಸು, ಬ್ಯಾಟ್ರಿ ಉಳಿಸು ಅಂತ..."

"ನಿನ್ನೆದುರಿಗೇ ಗೋಡೆ ಹಿಡ್ಕೊಂಡು ಏದುಸಿರು ಬಿಡ್ತಿದ್ರಂತಲ್ಲೋ. ಇನ್ನು ಹೆಂಗಪ್ಪಾ ಕೇಳ್ಬೇಕಿತ್ತು?"

ಅವನು ತಲೆ ತಗ್ಗಿಸಿದ. ತಗ್ಗಿಸಿದರೆ ಹೋದವರು ಬರುತ್ತಾರೆಯೇ?

ಹೊರಗೆ ಹೊಸಬನೊಬ್ಬ ಆಗಲೇ ಮಾವನ ಗಾಡಿಗೆ ಚೀಲ ಹೇರುತ್ತಿದ್ದ. ಪರದೆಯ ಮೇಲೆ ಒಂದು ಹಾಗೆಯೇ ಇತ್ತು. ಯಾರೂ ಬದಲಾಯಿಸಿರಲಿಲ್ಲ. ಅತ್ತೆ ಹೋಗಿ ಹ್ಯಾಂಡಲ್ಲು ಹಿಡಿದರು.

"ಯಾವುದು ಒತ್ಬೇಕೋ, ತೋರ್ಸು."

ತೋರಿಸಿದೆ. ಐದು ಬರುವ ತನಕ ಒತ್ತಿದರು.

"ಏರಿಗೆ ಇದು ಕಣಪ್ಪಾ," ಎಂದು ಹೊಸಬನಿಗೆ ಹೇಳಿದರು. "ಇಷ್ಟೇ. ಇಷ್ಟು ಹೇಳೋಕೆ ಇವರಿಗೆ ಬಾಯಿ ಬರ್ಲಿಲ್ಲ."

ಅಲ್ಲಿಯವರೆಗೂ ಅಳದಿದ್ದವರು ಆ ಸೀಟಿನ ಮೇಲೆ ತಲೆಯಿಟ್ಟು ಗೋಳೋ ಎಂದು ಅತ್ತರು. "ಲೋಡು ಕಾಯ್ತಿದೆ, ಹೊರಡ್ರೋ!" ಒಳಗಿನಿಂದ ಸೂಪರ್‌ವೈಸರ್ ಕೂಗಿದ.

"ಕಾಯ್ಲಿ," ಅಂದೆ. ಹೊಸಬ ಹೇರಿದ್ದ ಚೀಲವನ್ನು ಕೆಳಗಿಳಿಸಿದ. ಆ ದಿನ ಒಂದು ಗಾಡಿಯೂ ಗುಡ್ಡ ಹತ್ತಲಿಲ್ಲ.